ಮಾಳಿಗಿಯ ನೆರಳು

ಹೋದ ತಿಂಗಳ ಬೈಲಹೊಂಗಲದಿಂದ ರಾಮದುರ್ಗಕ್ಕ ಹೊಂಟಿದ್ದೆ. ಕೆಲಸ ಹೇಳಿಕೊಳ್ಳುವಂಥಾದ್ದೇನಲ್ಲ. ಹಳೇ ಗೆಳ್ಯಾ ಒಬ್ಬಾಂವ ಹೊಸಾ ಮನಿ ಕಟ್ಟಿಸಿದ್ದ, ಊಟಕ್ಕ ಕರದಿದ್ದ. ಮುನವಳ್ಳಿ ದಾಟೂ ಮುಂದ ಬಸ್ಸು ನಿಂತಿತು. ಮುಂದ ಒಂದು ಟ್ರ್ಯಾಕ್ಟರು ಕಣಿಕಿ ಹೇರಿಕೊಂಡು ರಸ್ತಾ ತುಂಬ ಅಡ್ಡ ಆಗಿತ್ತು. ಕಣಿಕಿ ಅಂದ್ರ ತೆನಿ ಮುರಕೊಂಡ ಮ್ಯಾಲ ಉಳಿಯೂ ಜೋಳದ ದಂಟು, ದನಕ್ಕ ಹಾಕೂದು. ಇಬ್ಬನಿಗೆ ತೊಯ್ದದ್ದು ಬಿಸಲಿಗೆ ಈಗ ಆರಾಕ ಹತ್ತಿತ್ತು. ಆ ವಾಸನಿ ಕಿಡಕಿಯಿಂದ ಬಂದು ಮೂಗಿಗೆ ಬಡೀತು ನೋಡ್ರಿ, ನಾ ಚೀಲ ಹಿಡಕೊಂಡು ಎದ್ದು ನಿಂತೆ. ಕಂಡಕ್ಟರ್, "ಅಜ್ಜಾರ, ರಾಮದುರ್ಗ ಇನ್ನೂ ದೂರ ಐತ್ರಿ" ಅಂದ. "ಗೊತ್ತೈತಪಾ" ಅಂದು ಇಳದೆ. ಅಜ್ಜಾರ ಅಂದದ್ದು ಒಂದೀಟು ಚುಚ್ಚಿತು, ಸುಳ್ಳು ಯಾಕ ಹೇಳ್ಲಿ.

ಕಣಿಕಿ ವಾಸನಿ ಈ ಕಡೆ ಎಲ್ಲಾ ಊರಾಗೂ ಇರತೈತಿ. ಆದ್ರ ನನಗ ಅದು ಒಂದಽ ಒಂದು ವರ್ಷದ ವಾಸನಿ. ದಸರಾಕ್ಕ ಮುನವಳ್ಳಿಗೆ ಬಂದು, ಯುಗಾದಿ ಬರೂದರಾಗ ಬಿಟ್ಟು ಹೋದ ವರ್ಷದ್ದು. ಇಸ್ವಿ ಎರಡು ಸಾವಿರ ದಾಟಿ ಕೆಲವು ವರ್ಷ ಆಗಿತ್ತು, ನನಗ ನಲವತ್ತರ ಹತ್ತರ ಬಂದಿತ್ತು.

ನಾ ನಕಾಶೆ ಮಾಡೂ ಆಫೀಸಿನಾಗ ಇದ್ದಾಂವ. ತೊಂಬತ್ತರ ಸುಮಾರು ನೌಕರಿ ಸೇರಿದಾಗ ವಿಮಾನದಿಂದ ತಗದ ಫೋಟೊ ಅಂದ್ರ ದೊಡ್ಡ ರೀಲು, ಕತ್ತಲ ಖೋಲಿ, ಔಷಧದ ವಾಸನಿ. ಎರಡು ಫೋಟೊ ಬಾಜೂಕ ಬಾಜೂಕ ಇಟ್ಟು, ಎರಡೂ ಕಣ್ಣಿಗೆ ಕಾಚು ಇರೂ ಯಂತ್ರದಾಗ ನೋಡಿದ್ರ ಗುಡ್ಡ ಎದ್ದು ನಿಲ್ಲತಿತ್ತು, ಮನಿ ಮ್ಯಾಲಕ್ಕ ಏಳತಿತ್ತು. ಆಮ್ಯಾಲ ಡಿಜಿಟಲ್ ಕ್ಯಾಮೆರಾ ಬಂತು. ರೀಲು ಹೋತು, ಔಷಧ ಹೋತು. ಚಿತ್ರ ಸೀದಾ ಕಂಪ್ಯೂಟರಿನಾಗ ಬಂದು ಕುಂದರತಿತ್ತು. ಎತ್ತರಗಿತ್ತರ ನೋಡೂದು ಬ್ಯಾಡ, ಒಂದಽ ಚಪ್ಪಟಿ ಚಿತ್ರದ ಮ್ಯಾಲ ಗೆರಿ ಎಳಕೋತ ಹೋದ್ರ ನಕಾಶೆ ತಯಾರು, ಖರ್ಚೂ ಕಮ್ಮಿ, ಲಗೂನೂ ಆಗತೈತಿ ಅಂತ ಮ್ಯಾಲಿನವರಿಗೆ ಭಾಳ ಹುರುಪು. ಆದ್ರ ಇಂಥಾ ಚಿತ್ರದಿಂದ ಯಾವ ಅಳತಿ ನಕಾಶೆ ಮಾಡಬಹುದು, ಯಾವುದು ಮಾಡಬಾರದು ಅನ್ನೂದನ್ನ ಯಾರರೆ ನೆಲದ ಮ್ಯಾಲ ಅಡ್ಡಾಡಿ ನೋಡಿ ಹೇಳಬೇಕಿತ್ತು. ಅದಕ್ಕ ನನ್ನನ್ನ ಹಾಕಿದ್ರು.

ಯಾಕ ನನ್ನನ್ನಽ ಅಂದ್ರ, ನನಗ ಹಿಂದ ಮುಂದ ಯಾರೂ ಇರಲಿಲ್ಲ. ಹುಟ್ಟಿದ್ದು ದೊಡವಾಡದಾಗ. ಸಣ್ಣಾಂವ ಇದ್ದಾಗಽ ಅವ್ವ ಅಪ್ಪ ಹೋದ್ರು, ಬೈಲಹೊಂಗಲದ ಸೋದರಮಾವ ಸಾಕಿದ. ಮಾವನೂ ಹೋದ. ಮದುವಿ ಆಗಿತ್ತು. ಎರಡನೇ ವರ್ಷಕ್ಕ ಹೆಂಡತಿ ಹೆರಿಗಿಯೊಳಗ ಕೂಸಿನ ಸಂಗಾಟ ಹೋದ್ಲು. ಅದರ ಬಗ್ಗೆ ಇಷ್ಟಽ ಸಾಕು. ಅಲ್ಲಿಂದ ಊರೂರು ತಿರಗೂ ಕೆಲಸ ಬಂತಂದ್ರ ಉಳದವ್ರು ಮಕ್ಕಳ ಸಾಲಿ ಐತಿ, ಮನ್ಯಾಗ ಆರಾಮಿಲ್ಲ ಅಂತ ಹಿಂದ ಸರೀತಿದ್ರು. ನನಗ ಹಿಂದ ಸರಿಯಾಕ ಒಂದು ನೆಪಾನೂ ಇರಲಿಲ್ಲ.

ನಾಕು ತಾಲೂಕಿನಾಗ ಅಲ್ಲೊಂದು ಇಲ್ಲೊಂದು ತುಂಡು ಜಾಗಾ ಆರಿಸಿ ಕೊಟ್ಟಿದ್ರು. ಒಂದಽ ಚಿತ್ರದಿಂದ ಮೂರು ನಕಾಶೆ ಮಾಡಿದ್ರು: ಹತ್ತು ಸಾವಿರದ್ದು, ಐದು ಸಾವಿರದ್ದು, ಎರಡು ಸಾವಿರದ್ದು. ಹತ್ತು ಸಾವಿರದ್ದು ಅಂದ್ರ ನೆಲಾನ್ನ ಹತ್ತು ಸಾವಿರ ಪಟ್ಟು ಸಣ್ಣದು ಮಾಡಿ ಬರದದ್ದು. ಅದರಾಗ ಊರು ಒಂದು ಮಚ್ಚಿ, ಹಾದಿ ಒಂದು ದಾರ. ಎರಡು ಸಾವಿರದ್ದು ಭಾಳ ದೊಡ್ಡ ಅಳತಿ. ಅದರಾಗ ಮನಿ ಮನಿ ಬ್ಯಾರೆ ಬ್ಯಾರೆ ಕಾಣಬೇಕು, ಬಾಂವಿ ಕಾಣಬೇಕು, ಹಿತ್ತಲ ಗ್ವಾಡಿ ಕಾಣಬೇಕು. ನಾ ಜಿಪಿಎಸ್ ಯಂತ್ರ ಹೊತಗೊಂಡು ಮೂಲಿ ಮೂಲಿಗೆ ನಿಂತು, ನಕಾಶೆಯೊಳಗ ಇದ್ದ ಜಾಗಾಕ್ಕೂ ನೆಲದ ಜಾಗಾಕ್ಕೂ ಎಷ್ಟು ಫರಕು ಅಂತ ಅಳೀಬೇಕು. ಆಮ್ಯಾಲ, ಬರದದ್ದು ಅಲ್ಲಿ ಐತೋ ಇಲ್ಲೋ, ಅಲ್ಲಿ ಇದ್ದದ್ದು ಬರದಾರೋ ಇಲ್ಲೋ, ಅದನ್ನ ನೋಡಬೇಕು.

ಕಿತ್ತೂರ ಕಡೆ ಹಂಚಿನ ಮನಿ. ಕೆಂಪು ಹಂಚು ಮ್ಯಾಲಿಂದ ಚಂದಗೆ ಕಂಡಿತ್ತು, ಮೂರೂ ನಕಾಶೆ ಬರೋಬ್ಬರಿ ಇದ್ವು. ಬೈಲಹೊಂಗಲ ಪ್ಯಾಟ್ಯಾಗ ಸ್ಲ್ಯಾಬು, ತಗಡು, ಅದೂ ಸರಿ. ರಾಮದುರ್ಗದ ನೇಕಾರ ಓಣಿಯೊಳಗ ಸಣ್ಣ ಪುಟ್ಟ ತಪ್ಪು ಬಿಟ್ರ ಅದೂ ಪಾಸು. ಮುನವಳ್ಳಿ, ಚಚಡಿಗೆ ಬಂದ ಮ್ಯಾಲ ನನ್ನ ತಲಿ ಕೆಟ್ಟು ಹೋತು.

ಹತ್ತು ಸಾವಿರದ್ದರಾಗ ಏನೂ ತಕರಾರು ಇರಲಿಲ್ಲ. ಐದು ಸಾವಿರದ್ದನ್ನೂ ಹೆಂಗೋ ನಡಸಬಹುದಿತ್ತು. ಎರಡು ಸಾವಿರದ್ದರಾಗ ಮಾತ್ರ ಓಣಿಗೆ ಓಣಿನಽ ಬಯಲು. ಯಾಕ ಅಂತೀರಿ? ಇಲ್ಲಿದು ಮಣ್ಣಿನ ಮಾಳಿಗಿ. ತೊಲಿ, ಜಂತಿ ಹಾಕಿ, ಮ್ಯಾಲ ಸೊಪ್ಪು ಹಾಸಿ, ಅದರ ಮ್ಯಾಲ ದಪ್ಪಗೆ ಮಣ್ಣು ಬಡದು ಸಪಾಟ ಮಾಡಿರತಾರ. ಓಣಿ ಯಾವ ಬಣ್ಣ, ಮಾಳಿಗಿನೂ ಅದಽ ಬಣ್ಣ. ವಿಮಾನ ಹಾರಿದ್ದು ಬ್ಯಾಸಗಿ ನಡು ಮಧ್ಯಾಹ್ನ, ಸೂರ್ಯಾ ನೆತ್ತಿ ಮ್ಯಾಲ. ನೆರಳು ಬೀಳಬಾರದು ಅಂತನಽ ಆ ಹೊತ್ತು ಆರಿಸೂದು ಪದ್ಧತಿ. ದೂರದ ಊರಾಗ ಏಸಿಯೊಳಗ ಕುಂತು ಗೆರಿ ಎಳದ ಹುಡುಗೂರು ಇದನ್ನ ಬಯಲು ಅಂತ ಬಿಟ್ಟಿದ್ರು. ಹೋಗ್ಲಿ ಬಿಡ್ರಿ ಅಂದ್ರ, ಉದ್ದಕ ಒಟ್ಟಿದ ಕಣಿಕಿ ಬಣವಿಗೋಳನ್ನೆಲ್ಲಾ ಹುಲ್ಲು ಹೊದಿಸಿದ ಮನಿ ಅಂತ ಬರದಿದ್ರು. ಮನಿ ಇದ್ದಲ್ಲಿ ಬಯಲು, ಬಣವಿ ಇದ್ದಲ್ಲಿ ಮನಿ.

ಚಚಡಿಯೊಳಗ ಒಬ್ಬ ಹಿರ್ಯಾ ನನ್ನ ಕೈಯಾಗಿನ ಹಾಳಿ ನೋಡಿ, "ಇದು ನನ್ನ ಹಿತ್ತಲ. ಈ ಚೌಕ ಏನ್ರಿ?" ಅಂದ. ಮನಿ ಅಂತ ಬರದಾರ್ರಿ ಅಂದೆ. ಅಂವ ಬಣವಿ ಕಡೆ ನೋಡಿದ, ನನ್ನ ಕಡೆ ನೋಡಿದ. "ತಪ್ಪೇನಿಲ್ಲ ಬಿಡ್ರಿ. ಮನ್ಯಾಕಿ ಜೋಡಿ ಜಗಳಾದಾಗ ನಾ ಮಲಗೂದು ಅಲ್ಲೇ. ಆದ್ರ ಮನಿ ಪಟ್ಟಿ ಮಾತ್ರ ಬಣವಿ ಹೆಸರಲೆ ಬರೂಹಂಗ ಮಾಡ್ರಿ" ಅಂದ. ಜೀಪಿನ ಡ್ರೈವರ್ ಹುಸೇನಸಾಬ ನಕ್ಕು ನಕ್ಕು ಸ್ಟೇರಿಂಗ ಹಿಡಕೊಂಡು ಬಗ್ಗಿಬಿಟ್ಟ.

ಹಗಲೆಲ್ಲಾ ಹಿಂಗ ಮಂದಿಯೊಳಗ ಹೋಗತಿತ್ತು. ಸಂಜಿ ಆತಂದ್ರ ಹುಸೇನಸಾಬ ಸವದತ್ತಿಗೆ ತನ್ನ ಮನಿಗೆ ಹೋಗತಿದ್ದ, ನಾ ಒಬ್ಬನಽ. ಮುನವಳ್ಳಿಯೊಳಗ ಗೌರವ್ವ ಅನ್ನೂ ಹೆಣ್ಣುಮಗಳ ಮನಿ ಮುಂದಿನ ಖೋಲಿ ಬಾಡಗಿಗೆ ಹಿಡದಿದ್ದೆ. ಫೋನ್ ಬೂತಿಗೆ ಹೋಗಿ ನಮ್ಮ ಸಾಹೇಬರಿಗೆ ಫೋನ್ ಹಚ್ಚಿ ಅವತ್ತಿನ ಕೆಲಸ ಹೇಳತಿದ್ದೆ. ಅದು ಮುಗದ ಮ್ಯಾಲ ಇನ್ನ ಯಾರಿಗೆ ಹಚ್ಚಲಿ ಅಂತ ಒಂದೀಟು ನಿಂತು ವಿಚಾರ ಮಾಡತಿದ್ದೆ. ಹಚ್ಚುವಂಥ ನಂಬರು ಒಂದೂ ಇರಲಿಲ್ಲ. ಖಾನಾವಳಿಯಾಗ ಉಂಡು ಬಂದು ಖೋಲಿಯೊಳಗ ಕುಂತ್ರ ಊರ ಹತ್ತರದ ಡ್ಯಾಮಿನ ಹಿನ್ನೀರಿನ ಕಡಿಂದ ಗಾಳಿ ಬರತಿತ್ತು, ಥಂಡಿ. ಗ್ವಾಡಿ ಆಚಿಂದ ಹೊಲಿಗಿ ಮಶೀನಿನ ಸಪ್ಪಳ ಬರತಿತ್ತು. ಆ ಸಪ್ಪಳ ನಿಂತ ಮ್ಯಾಲ ಮನಿ ಭಾಳ ದೊಡ್ಡದು ಅನಸತಿತ್ತು.

ಮಶೀನು ತುಳೀತಿದ್ದಾಕಿ ಕಸ್ತೂರಿ, ಗೌರವ್ವನ ನೆಗೆಣ್ಣಿ. ಅಂದ್ರ ಗೌರವ್ವನ ತೀರಿ ಹೋದ ಮೈದುನನ ಹೆಂಡತಿ. ಗೌರವ್ವನ ಗಂಡನೂ ಇರಲಿಲ್ಲ. ಇಬ್ಬರೂ ಹೆಣ್ಣುಮಕ್ಕಳು, ಒಂದಽ ಮನಿ. ಹೊಲ ಪಾಲಿಗೆ ಹಾಕಿದ್ರು, ಕಸ್ತೂರಿ ಊರ ಮಂದಿಗೆ ಜಂಪರ ಹೊಲೀತಿದ್ಲು. ಮೂವತ್ತು ದಾಟಿದ್ಲು. ಮಾತು ಕಮ್ಮಿ, ಆಡಿದ್ರ ನೆಟ್ಟಗೆ.

ಮೊದಲನೇ ತಿಂಗಳ ನಾ ಆಕಿ ಮಾರಿನೂ ಸರಿಯಾಗಿ ನೋಡಿರಲಿಲ್ಲ. ಒಂದಿನ ಕಟ್ಟಿ ಮ್ಯಾಲ ಹಾಳಿ ಹರವಿಕೊಂಡು ಕುಂತಿದ್ದೆ. ಗೌರವ್ವ ಬಂದು, "ನಮ್ಮ ಮನಿ ಎಲ್ಲೈತಿ ತೋರಸ್ರಿ ಸಾಹೇಬ್ರ" ಅಂದ್ಲು. ತೋರಿಸಿದೆ. ಬರೇ ಬಿಳೀ ಹಾಳಿ. ಕಸ್ತೂರಿ ಒಳಗಿಂದ ಬಂದು ಬಾಗಲದಾಗ ನಿಂತು ನೋಡಿ, "ಹಂಗಾರ ನಾವು ಇಷ್ಟು ದಿನ ಬಯಲಾಗ ಕುಂತಿದ್ವೇನ್ರಿ?" ಅಂದ್ಲು. ನನಗ ನಗಿ ಬಂತು. ಭಾಳ ದಿನದ ಮ್ಯಾಲ ನಾ ನಕ್ಕದ್ದು, ನನ್ನ ನಗಿ ನನಗಽ ಬ್ಯಾರೆಯವರದ್ದು ಅನಸ್ತು.

ಅಲ್ಲಿಂದ ಖಾನಾವಳಿ ಬಂದ್ ಆತು. "ದುಡ್ಡು ಕೊಟ್ಟು ರಬ್ಬರಿನಂಥ ರೊಟ್ಟಿ ತಿನ್ನೂದ್ಯಾಕ? ನಮ್ಮಲ್ಲೇ ಎರಡು ತಿನ್ನ್ರಿ" ಅಂತ ಗೌರವ್ವ ಗದರಿಸಿದ್ಲು. ಪಡಸಾಲಿಯೊಳಗ ತಾಟಿನ ಮುಂದ ಕುಂತ್ರ ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳ ಹಿಂಡಿ. ಯಾರರೆ ಒಬ್ರು ಇನ್ನೊಂದು ಹಾಕ್ಲೇನು ಅಂತ ಕೇಳೂದು ಎಂಥಾ ಸುಖ ಅನ್ನೂದು, ದಿನಾ ಕೇಳಿಸಿಕೊಳ್ಳವರಿಗೆ ತಿಳಿಯೂದಿಲ್ಲ.

ಎಳ್ಳಮಾಸಿ ಬಂತು. ಆ ದಿನ ಈ ಕಡೆ ಎಲ್ಲಾರೂ ಬುತ್ತಿ ಕಟ್ಟಿಕೊಂಡು ಹೊಲಕ್ಕ ಹೋಗತಾರ. ಮನಿ ಗಂಡಸು ಹೊಲದ ಸುತ್ತ ಅಡಗಿ ಚೆಲ್ಲಿಕೋತ ಭೂಮಿತಾಯಿಗೆ ಉಣಸತಾನ, ಅದಕ್ಕ ಚರಗ ಚೆಲ್ಲೂದು ಅಂತಾರ. ಗೌರವ್ವನ ಹೊಲದಾಗ ಪಾಲಿಗೆ ಮಾಡಾಂವ ವರ್ಷಾ ಚೆಲ್ಲತಿದ್ದ. ಆ ವರ್ಷ ಆಕಿ ಬುಟ್ಟಿ ತಂದು ನನ್ನ ಕೈಯಾಗ ಕೊಟ್ಟು, "ನೀವು ಚೆಲ್ಲ್ರಿ" ಅಂದ್ಲು. ನಾ ಹೆದರಿದೆ. ನಾ ಯಾರು, ಬಾಡಗಿ ಖೋಲಿಯಾಂವ. ಕಸ್ತೂರಿ ತಂಬಿಗಿ ಹಿಡಕೊಂಡು ಹಿಂದ ನಿಂತಿದ್ಲು. "ಅಳತಿ ಮಾಡೂದು ಬ್ಯಾಡ್ರಿ, ಸುಮ್ನ ಚೆಲ್ಲಿಕೋತ ನಡೀರಿ" ಅಂದ್ಲು. ಎದಿಮಟ ಜೋಳ. ಸಜ್ಜಿ ಕಡಬು, ಬದನಿಕಾಯಿ ಪಲ್ಯ ಒಂದೊಂದಽ ಹಿಡಿ ಚೆಲ್ಲಿಕೋತ ನಡದೆ, ಹಿಂದಿಂದ ಆಕಿ ನೀರು ಹನಸಿಕೋತ ಬಂದ್ಲು. ಹೊಲದ ನಾಕೂ ಬದು ಸುತ್ತಿ ಬಂದ್ವಿ. ಹೆಂಡತಿ ಹೋದ ಮ್ಯಾಲ ನಾ ಯಾರ ಜೋಡೀನೂ ಅಷ್ಟು ದೂರ ನಡದಿರಲಿಲ್ಲ.

ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕ ಗೌರವ್ವ ಕಟ್ಟಿ ಮ್ಯಾಲ ನನ್ನ ಎದುರಿಗೆ ಬಂದು ಕುಂತ್ಲು. ಸುತ್ತಿ ಬಳಸಿ ಮಾತಾಡೂದು ಆಕಿಗೆ ಬರತಿರಲಿಲ್ಲ.

"ನಮ್ಮಾಗ ಉಡಕಿ ಐತ್ರಿ" ಅಂದ್ಲು. "ಗಂಡ ಸತ್ತಾಕಿಗೆ ಹೊಸಾ ಸೀರಿ ಉಡಸಿ, ನಾಕು ಮಂದಿ ಹಿರ್ಯಾರ ಮುಂದ ಕೂಡಸೂದು. ಹಂದರ ಇಲ್ಲ, ವಾಲಗ ಇಲ್ಲ. ನೀವೂ ಒಬ್ಬರಽ ಅದೀರಿ, ಆಕಿನೂ ಒಬ್ಬಾಕಿನಽ ಅದಾಳ. ಹೆಣ್ಣಿನ ಕಡಿಯವ್ರು ಕೇಳಬಾರದು, ಆದ್ರೂ ಕೇಳಾಕ ಹತ್ತೇನಿ. ಏನಂತೀರಿ?"

"ಆಕಿಗೆ ಮನಸೈತೇನ್ರಿ?" ಅಂದೆ.

"ಅದನ್ನ ಆಕಿನಽ ಹೇಳತಾಳ" ಅಂತ ಒಳಗಿದ್ದ ಆಕಿನ್ನ ಕರದ್ಲು.

ಕಸ್ತೂರಿ ಕೈಯಾಗ ಕತ್ತರಿ ಹಿಡಕೊಂಡಽ ಬಂದ್ಲು. ತಲಿ ಬಗ್ಗಿಸಲಿಲ್ಲ. "ನನ್ನ ಮೊದಲಿನ ಮದುವಿಗೆ ನೋಡಾಕ ಬಂದಾಗ, ಅವ್ರು ಚಾ ಕುಡದು ಏಳೂದರಾಗ ಎಲ್ಲಾ ಮುಗದಿತ್ತು" ಅಂದ್ಲು. "ಅಂವ ಎಂಥಾಂವ ಅಂತ ತಿಳಿಯಾಕ ವರ್ಷಗಟ್ಲೆ ಹಿಡೀತು. ಒಂದು ದಿನ ಖರೇ ಆಡಿದಾಂವಲ್ಲ. ಎಲ್ಲಿಗೆ ಹೋಗಿದ್ದಿ ಅಂದ್ರ ಸುಳ್ಳು, ಏನು ಕುಡದಿ ಅಂದ್ರ ಸುಳ್ಳು. ಕಡೀಕ ಕುಡದಽ ಟ್ರ್ಯಾಕ್ಟರ ಹೊಡದು ಸತ್ತ. ಈ ಸಲ ನಾ ನೋಡಬೇಕ್ರಿ. ನೀವು ಕೆಟ್ಟವ್ರು ಅಂತಲ್ಲ. ಈ ಸುಗ್ಗಿ ಅಲ್ಲ, ಮುಂದಿನ ವರ್ಷದ ಸುಗ್ಗಿತನಕ ಇಲ್ಲೇ ಇರ್ರಿ, ನೋಡತೇನಿ. ಆಮ್ಯಾಲ ಹೂಂ, ಇಲ್ಲಾ ಉಹೂಂ, ಏನಿದ್ರೂ ನಾನಽ ಹೇಳತೇನಿ."

ಇರತೇನಿ ಅಂದೆ. ಯಾಕಂದ್ರ ಇರೂ ಹಾದಿ ನನ್ನ ಕೈಯಾಗ ಇತ್ತು. ಸಾಹೇಬ್ರಿಗೆ ಆಗಲೇ ಹೇಳಿದ್ದೆ: ಈ ಚಿತ್ರ ಹತ್ತು ಸಾವಿರಕ್ಕ ಸೈ, ಐದು ಸಾವಿರಕ್ಕ ಸೈ, ಮಣ್ಣಿನ ಮಾಳಿಗಿ ಇರೂ ಊರಿಗೆ ಎರಡು ಸಾವಿರದ ನಕಾಶೆ ಇದರಿಂದ ಆಗೂದಿಲ್ಲ, ಮನಿ ಮನಿಗೆ ಹೋಗಿ ಅಳೀಬೇಕು. ಸಾಹೇಬ್ರು ಫೋನಿನಾಗ ಉಸರು ಬಿಟ್ಟು, "ಹಂಗಾರ ಇನ್ನೊಂದು ವರ್ಷ ನೀನಽ ಅಲ್ಲಿ ಇರಬೇಕಾಕ್ಕತಿ ಈರಣ್ಣ. ಬ್ಯಾಸರ ಇಲ್ಲಲ್ಲ?" ಅಂದಿದ್ರು. ಬ್ಯಾಸರ ಎಲ್ಲಿಂದ ಬರಬೇಕು. ನಾ ಬೂತಿನಿಂದ ಹೊರಗ ಬಂದು ಪಾವ್ ಕಿಲೊ ಕರದಂಟು ತಗೊಂಡು ಮನಿಗೆ ಹೋದೆ.

ಆ ಮ್ಯಾಲಿನ ದಿನ ಹೆಂಗ ಹೋದ್ವೋ. ಜೋಳ ತೆನಿ ಕಟ್ಟಿತು, ಹೊಲದಾಗ ಎಳೀ ತೆನಿ ಸುಟ್ಟು ಸೀತನಿ ತಿಂದ್ವಿ. ನಾ ಗಡ್ಡ ದಿನಾ ಬೋಳಸಾಕ ಹತ್ತಿದೆ. ಹುಸೇನಸಾಬ ನೋಡಿ, "ಹುಚ್ಚು ಬಿಡೂ ತನಕ ಮದುವಿ ಆಗೂದಿಲ್ಲ, ಮದುವಿ ಆಗೂ ತನಕ ಹುಚ್ಚು ಬಿಡೂದಿಲ್ಲ ಅಂತಾರ್ರಿ ಸಾಹೇಬ್ರ. ನಿಮ್ಮದು ಯಾವ ಕಡೆ ಐತಿ?" ಅಂತ ಕಾಡತಿದ್ದ. ಕಾಡಲಿ ಅಂತ ಬಿಟ್ಟಿದ್ದೆ.

ಸುಗ್ಗಿ ಸುರು ಆತು. ಎಲ್ಲಾ ಕಡೆ ಕಣಿಕಿ ವಾಸನಿ. ಆಗ ಆಫೀಸಿಂದ ಒಂದು ಕಟ್ಟು ಬಂತು. ಬ್ಯಾಸಗಿಯೊಳಗ ಮೋಡ ಅಡ್ಡ ಬಂದು ಬಿಟ್ಟುಹೋದ ಒಂದು ಪಟ್ಟಿನ್ನ ಚಳಿಗಾಲದಾಗ ಮತ್ತ ಹಾರಿ ತಗದಿದ್ರಂತ. ವಿಮಾನ ಬರಾಕ ತಡಾ ಆಗಿ ಸಂಜೀಮುಂದ ತಗದದ್ದು. ಹಾರೂ ಹಾದ್ಯಾಗ ಮುನವಳ್ಳಿ, ಚಚಡಿನೂ ಮತ್ತೊಮ್ಮೆ ಚಿತ್ರದಾಗ ಬಿದ್ದಿದ್ವು. ಉದ್ದುದ್ದ ನೆರಳು ಬಿದ್ದಾವು, ಕೆಟ್ಟ ಚಿತ್ರ ಅಂತ ಆಫೀಸಿನಾಗ ಬದೀಗೆ ಒಗದಿದ್ರು. ಕಾಗದ ಪತ್ರ ಮುಗಸಾಕ ಒಂದು ಮಾತು ಬರದು ಕಳಸು ಅಂತ ನನಗ ಕಳಿಸಿದ್ರು. ಸಾಹೇಬ್ರಿಗೂ ಅದರ ಮ್ಯಾಲ ಏನೂ ಆಸಕ್ತಿ ಇರಲಿಲ್ಲ.

ಕಟ್ಟಿ ಮ್ಯಾಲ ಕುಂತು ಮೊದಲನೇ ಹಾಳಿ ಬಿಚ್ಚಿದೆ. ಮುನವಳ್ಳಿ. ಓಣಿಗೆ ಓಣಿನಽ ಎದ್ದು ನಿಂತಿತ್ತು. ಒಂದೊಂದು ಮಾಳಿಗಿ ಅಂಚಿನ ಗ್ವಾಡಿಯಿಂದ ಕರ್ರಗ ನೆರಳು ಬಿದ್ದು, ಈ ಮನಿ ಎಲ್ಲಿ ಮುಗೀತು, ಆ ಮನಿ ಎಲ್ಲಿ ಸುರು ಆತು ಅನ್ನೂದು ಗೆರಿ ಹೊಡದಂಗ ಕಾಣತಿತ್ತು. ಬಣವಿ ನೆರಳಿನ ಅಂಚು ಗುಂಡಗೆ, ಮನಿ ನೆರಳು ಚೌಕ. ಹಿಂದ ತಪ್ಪಿದ್ದು ಮತ್ತ ತಪ್ಪಾಕ ಆಸ್ಪದನಽ ಇರಲಿಲ್ಲ. ಗೌರವ್ವನ ಮನಿ ನೆರಳು ಓಣಿ ದಾಟಿ ಎದುರಿನ ಗ್ವಾಡಿ ಹತ್ತಿತ್ತು. ಇದು ಖರೇ ಆದ್ರ ನಾ ಇಲ್ಲಿ ಇರೂ ಹಾದಿ ಬಂದ್.

ಆದ್ರೂ ಒಂದು ಆಸೆ ಇತ್ತು, ನಾ ನೋಡೂದು ತಪ್ಪಿರಬಹುದು ಅಂತ. ಚಚಡಿಯ ಹಾಳಿ ತಗೊಂಡು, ಊರಿಗೆ ಕಾಲಿಡದಽ, ಬರೇ ನೆರಳು ನೋಡಿ ಮನಿ ಮನಿ ಬರದೆ. ಆಮ್ಯಾಲ ಊರಿಗೆ ಹೋಗಿ ಓಣಿ ಓಣಿ ತಿರಗಿ ತಾಳೆ ನೋಡಿದೆ. ಎಲ್ಲೋ ಒಂದು ದನದ ಕೊಟ್ಟಿಗಿ ಬಿಟ್ರ ಎಲ್ಲಾ ಬರೋಬ್ಬರಿ. ನನ್ನ ನೌಕರಿಯೊಳಗ ಅಷ್ಟು ಚೊಲೊ ಕೆಲಸ ನಾ ಹಿಂದ ಮಾಡಿರಲಿಲ್ಲ, ಅಷ್ಟು ದುಃಖನೂ ಯಾವ ಕೆಲಸದಾಗೂ ಆಗಿರಲಿಲ್ಲ. ಇಳೀಬಿಸಲಿನ್ಯಾಗ ಚಿತ್ರ ತಗದ್ರ ಎರಡು ಸಾವಿರದ ನಕಾಶೆನೂ ಆಫೀಸಿನಾಗ ಕುಂತಽ ಆಕ್ಕತಿ. ಮನಿ ಮನಿಗೆ ಹೋಗಿ ಅಳಿಯಾಂವ ಬೇಕಾಗಿಲ್ಲ.

ಹಿಂದಿರಗೂ ಮುಂದ ಹುಸೇನಸಾಬ ಜೀಪು ಒಂದು ಬೇವಿನ ಗಿಡದ ಕೆಳಗ ನಿಲ್ಲಿಸಿದ. ಅವಗ ಎಲ್ಲಾ ಹೇಳಿದ್ದೆ. "ನೆರಳು ಭಾಳ, ಉಪಯೋಗ ಇಲ್ಲ ಅಂತ ಒಂದು ಮಾತು ಬರದು ಒಗೀರಿ ಸಾಹೇಬ್ರ" ಅಂದ. "ಅವ್ರಽ ಕೆಟ್ಟ ಚಿತ್ರ ಅಂದಾರ. ಯಾರು ಬಂದು ಕೇಳತಾರ?"

ಯಾರೂ ಕೇಳತಿರಲಿಲ್ಲ. ಖರೇ ಅಂದ್ರ ಅದಽ ತ್ರಾಸ. ಎತ್ತು ಏರಿಗೆಳೀತು, ಕ್ವಾಣ ನೀರಿಗೆಳೀತು ಅನ್ನೂಹಂಗ ಆತು ನನ್ನ ಬಾಳೆ. ಕಟ್ಟು ಟ್ರಂಕಿನ್ಯಾಗ ಇಟ್ಟೆ, ಮತ್ತ ತಗದೆ, ಮತ್ತ ಇಟ್ಟೆ. ತಾಟಿನಾಗ ರೊಟ್ಟಿ ಹಂಗಽ ಬಿಟ್ಟು ಏಳಾಕ ಹತ್ತಿದೆ. ಗೌರವ್ವ ಜ್ವರ ಬಂದೈತೇನು ಅಂತ ಹಣಿ ಮುಟ್ಟಿ ನೋಡಿದ್ಲು. ಆದ್ರ ನನಗ ಬರೂದು ಇದೊಂದಽ ಕೆಲಸ ರೀ: ಇದ್ದದ್ದನ್ನ ಐತಿ ಅನ್ನೂದು, ಇಲ್ಲದ್ದನ್ನ ಇಲ್ಲ ಅನ್ನೂದು. ಕಣ್ಣೀಲೆ ಕಂಡದ್ದನ್ನ ಕಂಡಿಲ್ಲ ಅಂತ ಬರದು, ಅದರ ಮ್ಯಾಲ ವರ್ಷಗಟ್ಲೆ ಆಕಿ ಕೈಯಾನ ರೊಟ್ಟಿ ಹೆಂಗ ಉಣ್ಣಲಿ. ಸುಳ್ಳಾಡೂ ಗಂಡನ್ನ ಕಂಡು ಸೋತಾಕಿ ಆಕಿ. ಬರದೆ. ಇದ್ದದ್ದು ಇದ್ದಂಗ ಬರದು ಟಪಾಲಿಗೆ ಹಾಕಿ ಬಂದೆ.

ಉತ್ತರ ಲಗೂನ ಬಂತು. ಸಾಹೇಬ್ರಿಗೆ ಭಾಳ ಖುಷಿ. ಮುನವಳ್ಳಿ ಕೆಲಸ ಮುಗಸು, ಬೀದರ ಕಡೆ ಹೋಗು ಅಂದ್ರು.

ಸಂಜೀಕ ಪಡಸಾಲಿಯೊಳಗ ಇಬ್ಬರ ಮುಂದೂ ಹೇಳಿದೆ. ಚಿತ್ರ ಹರವಿ ನೆರಳು ತೋರಿಸಿದೆ. ಕಸ್ತೂರಿ ಮಶೀನು ನಿಲ್ಲಿಸಿ ಬಂದು ಕುಂತು, ತಮ್ಮ ಮನಿ ನೆರಳಿನ ಮ್ಯಾಲ ಬಟ್ಟು ಇಟ್ಲು.

"ಈ ಚಿತ್ರ ಉಪಯೋಗ ಇಲ್ಲ ಅಂತ ಬರದಿದ್ರ?" ಅಂದ್ಲು.

"ಇಲ್ಲೇ ಇರತಿದ್ದೆ."

"ಯಾರಿಗರೆ ಗೊತ್ತಾಗತಿತ್ತೇನು?"

"ಇಲ್ಲ."

ಆಕಿ ಬಟ್ಟು ತಗದ್ಲು. ಎದ್ದು ಹೋಗಿ ಮಶೀನಿನ ಮುಂದ ಕುಂತ್ಲು. ಸ್ವಲ್ಪ ಹೊತ್ತಿಗೆ ಸಪ್ಪಳ ಸುರು ಆತು. ಗೌರವ್ವ ನನ್ನ ತಾಟಿಗೆ ರೊಟ್ಟಿ ಹಾಕಿದ್ಲು. ಅವತ್ತು ಯಾರೂ ಇನ್ನೊಂದು ಹಾಕ್ಲೇನು ಅಂತ ಕೇಳಲಿಲ್ಲ.

ಹೊಂಟ ದಿನ ಗೌರವ್ವ ಬುತ್ತಿ ಕಟ್ಟಿ ಕೊಟ್ಲು. ಕಸ್ತೂರಿ ಬಾಗಲದಾಗ ನಿಂತಿದ್ಲು. ಹೋಗಿ ಬರತೇನಿ ಅಂದೆ, ಹೂಂ ಅಂದ್ಲು. ಜೀಪು ತಿರಗೂ ತನಕ ನಿಂತಿದ್ಲು. ಒಂದು ಸುಗ್ಗಿ ಕೇಳಿದಾಕಿಗೆ ನಾ ಒಂದು ಸುಗ್ಗಿ ಕೊಡಲಿಲ್ಲ, ಮಾತು ಅಲ್ಲಿಗೆ ಮುಗೀತು ಅಂತ ತಿಳಕೊಂಡೆ. ಹಾದಿಯುದ್ದಕ್ಕೂ ಹುಸೇನಸಾಬ ಒಂದು ಚಾಷ್ಟಿ ಮಾಡಲಿಲ್ಲ.

ಬೀದರಾಗ ಇದ್ದಾಗ ಮತ್ತೊಮ್ಮೆ ಹೋಗಿ ಕೇಳಿದ್ರ ಹೆಂಗ ಅಂತ ಎಷ್ಟು ಸಲ ಅನಿಸಿತ್ತೋ ಏನೋ. ಎರಡು ಸಲ ರಜಾ ಬರದು ಕೊಟ್ಟೆ, ಎರಡು ಸಲ ನಾನಽ ಹೋಗಿ ವಾಪಸ್ ಇಸಗೊಂಡೆ. ಹೆಣ್ಣು ಕೇಳಾಕ ಗಂಡು ತಾನಽ ಹೋಗಿ ನಿಂದರೂದು ನಮ್ಮ ಕಡೆ ಪದ್ಧತಿ ಅಲ್ಲ, ಹಿರ್ಯಾರು ಹೋಗಬೇಕು. ನನಗ ಅವ್ವ ಇಲ್ಲ, ಅಪ್ಪ ಇಲ್ಲ, ಮಾವ ಇಲ್ಲ. ಯಾರನ್ನ ಕಳಸ್ಲಿ. ಬೀದರ ಆತು, ರಾಯಚೂರು ಆತು, ಮತ್ತೆಲ್ಲೆಲ್ಲೋ ಆತು. ಮುನವಳ್ಳಿಯ ಎರಡು ಸಾವಿರದ ನಕಾಶೆ ಅಚ್ಚಾಗಿ ಬಂದಾಗ ಒಂದು ಪ್ರತಿ ನನ್ನ ಟೇಬಲ್ಲಿನ ಮ್ಯಾಲೂ ಬಂತು. ಮಡಚಿ ಕಪಾಟಿನ್ಯಾಗ ಇಟ್ಟೆ. ಬಿಚ್ಚಿ ನೋಡೂ ಧೈರ್ಯ ಆಗಲಿಲ್ಲ.

ಹೋದ ತಿಂಗಳ ಬಸ್ಸಿಳದು ನಾ ಹೋದದ್ದು ಆ ಮನಿಗೇನಽ. ಮಾಳಿಗಿ ಹೋಗಿ ಸ್ಲ್ಯಾಬು ಬಂದಿತ್ತು. ಕಟ್ಟಿ ಅದಽ. ಅದರ ಮ್ಯಾಲ ಗೌರವ್ವ ಕುಂತಿದ್ಲು, ಕೂದಲೆಲ್ಲಾ ಬೆಳ್ಳಗಾಗಿ. ಒಳಗ ಹೊಲಿಗಿ ಮಶೀನಿನ ಸಪ್ಪಳ ಇರಲಿಲ್ಲ. ನಾ ಬಾಯಿ ತಗಿಯೂದಕ್ಕ ಮೊದಲಽ, "ಈರಣ್ಣಾರೇನು?" ಅಂದ್ಲು. ಬಾಜೂಕ ಕುಂದ್ರಂದ್ಲು. ನೀರು ಕೊಟ್ಲು. ಆಕಿಗೆ ಸುತ್ತಿ ಬಳಸಿ ಮಾತಾಡೂದು ಈಗೂ ಬರತಿರಲಿಲ್ಲ.

"ಕಸ್ತೂರಿ ರಾಮದುರ್ಗದಾಗ ಅದಾಳ್ರಿ" ಅಂದ್ಲು. "ಎರಡು ಸುಗ್ಗಿ ದಾರಿ ನೋಡಿದ್ಲು. ಮೂರನೇದಕ್ಕ ಅಲ್ಲಿಯವ್ರು ಕೇಳಾಕ ಬಂದ್ರು, ಸೀರಿ ಉಡಸಿ ಕಳಿಸಿದ್ವಿ. ಚೊಲೊ ಅದಾಳ. ಒಂದು ಹುಡುಗಿ ಐತಿ."

"ದಾರಿ ನೋಡಿದ್ಲು ಅಂದ್ರ?"

"ಅಂದ್ರೇನ್ರಿ. ನಿಮ್ಮ ದಾರಿ."

ನನಗ ತಿಳೀಲಿಲ್ಲ. ಆಕಿ ಇನ್ನೊಂದು ಸುಗ್ಗಿ ಇರು ಅಂದಿದ್ಲು, ನಾ ಇರಲಿಲ್ಲ, ಮುಗೀತಲ್ಲ ಅಂದೆ.

"ಎಲ್ಲಿ ಮುಗೀತು? ನೀವು ಹೋದ ದಿನ ಸಂಜೀಕ ಆಕಿ ನನ್ನ ಮುಂದ ಅಂದ್ಲು, ಅಕ್ಕಾ, ನನಗ ಇನ್ನ ಸುಗ್ಗಿ ಬೇಕಾಗಿಲ್ಲ. ಅವ್ರಿಗೆ ಇಲ್ಲೇ ಉಳಿಯಾಕ ಒಂದು ಸುಳ್ಳು ಸಾಕಿತ್ತು, ಬರೀಲಿಲ್ಲ. ನಾ ನೋಡಬೇಕಂದದ್ದು ನೋಡಿದೆ. ಬಂದು ಕೇಳಿದ್ರ ಹೂಂ ಅಂತೇನಿ, ಬೀದರಾದ್ರೂ ಹೊಕ್ಕೇನಿ ಅಂತ."

ಓಣಿಯೊಳಗ ಯಾರೋ ದನ ಹೊಡಕೊಂಡು ಹೋದ್ರು. ನನ್ನ ಕೈಯಾಗ ನೀರಿನ ತಂಬಿಗಿ ಹಂಗಽ ಇತ್ತು. ಸಿಟ್ಟು ಬಂತು, ಯಾರ ಮ್ಯಾಲ ಅಂತ ತಿಳೀಲಿಲ್ಲ.

"ಒಂದು ಮಾತು ಹೇಳಿ ಕಳಸಬಾರದಿತ್ತೇನ್ರಿ ಅವ್ವಾರ?"

"ಹೆಣ್ಣಿನ ಕಡಿಯವ್ರು ಒಮ್ಮೆ ಬಾಯಿ ಬಿಟ್ಟು ಕೇಳಿದ್ದಽ ಹೆಚ್ಚು. ಎರಡನೇ ಸಲ ಹೆಂಗ ಕೇಳೂದು? ನಿಮ್ಮ ಕಡಿಂದ ಯಾರರೆ ಬರತಾರ ಅಂತ ಕಟ್ಟಿ ಮ್ಯಾಲ ಕುಂತು ಕುಂತು ನೋಡಿದ್ವಿ."

"ನನ್ನ ಕಡೆ ಅಂತ ಯಾರಿದ್ರು, ನೀವಽ ಹೇಳ್ರಿ. ಬಂದು ಕೇಳಾಕ ನನಗ ಯಾರಿದ್ರು?"

ಗೌರವ್ವ ನನ್ನ ಕೈಯಾನ ತಂಬಿಗಿ ಇಸಗೊಂಡು ಬಾಜೂಕ ಇಟ್ಲು. ಅಲ್ಲಿತನಕ ನನಗ ಎಂದೂ ಏಕವಚನ ಆಡಿದಾಕಿ ಅಲ್ಲ.

"ನಾ ಇದ್ದೆನಲ್ಲೋ ಈರಣ್ಣಾ" ಅಂದ್ಲು. "ಒಂದು ಮಾತು ನನಗ ಹೇಳಿದ್ರ, ಆಕಿ ಕಡಿಂದ ಎದ್ದು ನಿನ್ನ ಕಡೆ ಬಂದು ಕುಂದ್ರತಿದ್ದೆ."